ಹೆಂಗಸರ ಬಾಗಿಲು

“ಪುರುಷರಿಗೆ ಪ್ರವೇಶವಿಲ್ಲ,” ಎಂದಿತು ಹೆಂಗಸರ ಆಸ್ಪತ್ರೆಯ ಬಾಗಿಲು, ಎಂದಿನ ನಯವಾದ ದನಿಯಲ್ಲಿ.

ಮಹಾನಂದಾ ಸೆರಗು ಸರಿಸಿ ಮತ್ತೊಮ್ಮೆ ಮುಖ ಒಡ್ಡಿದಳು. ಗದ್ದದ ತುಂಬ ತಿಂಗಳಿಂದ ಬೆಳೆದ ಕರಿಗೂದಲು. ಬಾಗಿಲು ಅದೇ ಮಾತು ಹೇಳಿತು. ಊರಿನ ಬಾಗಿಲುಗಳೆಲ್ಲ ಮುಖ ನೋಡಿಯೇ ತೆರೆಯುತ್ತಿದ್ದವು. ಹೆಂಗಸರ ಬಸ್ಸಿನ ಬಾಗಿಲೂ ತೆರೆಯದೆ ಅವಳು ನಡೆದೇ ಬಂದಿದ್ದಳು.

“ಅಣ್ಣಾರ, ಬ್ಲೇಡ್ ಮುಟ್ಟಬ್ಯಾಡ ಅಂತ ನಿಮ್ಮ ದವಾಖಾನಿ ಸಿಸ್ಟರೇ ಫೋನಿನ್ಯಾಗ ಹೇಳ್ಯಾರ. ಕೂದಲಾ ಎಲ್ಲೆಲ್ಲಿ ಬೆಳದಾವು ಅಂತ ಡಾಕ್ಟರ್ ನೋಡಬೇಕಂತ,” ಎಂದು ಕಾವಲುಗಾರನಿಗೆ ಕೈಮುಗಿದಳು.

“ಬಾಗಲಾ ಮಾರಿ ನೋಡತೈತಿ ಯಕ್ಕಾ, ನನ್ನ ಮಾತ ಎಲ್ಲಿ ಕೇಳತೈತಿ?”

ಮುಟ್ಟು ನಿಂತು ಆರು ತಿಂಗಳಾಗಿತ್ತು. ಹಾರ್ಮೋನಿನ ತೊಂದರೆಯಿರಬೇಕು, ಅದಕ್ಕೆ ಔಷಧ ಇದೆ ಎಂದು ಯಾರೋ ಹೇಳಿದ ಒಂದೇ ಮಾತನ್ನು ನೆಚ್ಚಿಕೊಂಡು ಬಂದಿದ್ದಳು. ಒಳಗೆ ಅವಳ ಹೆಸರು ಕೂಗಿದರು. ಈ ಸರದಿ ತಪ್ಪಿದರೆ ಇನ್ನು ದೀಪಾವಳಿ ಕಳೆದ ಮೇಲೆಯೇ.

ಎದುರಿನ ಪಾನ್ ಅಂಗಡಿಯವನು ಕೇಳುವ ಮೊದಲೇ ಬ್ಲೇಡು, ಕನ್ನಡಿ ಚಾಚಿದ. ಅವಳು ಅಳುತ್ತಲೇ ನೀರು ಹಚ್ಚದ ಒಣ ಗದ್ದವನ್ನು ಕೆರೆದುಕೊಂಡಳು.

“ಸುಸ್ವಾಗತ, ಸಹೋದರಿ,” ಎಂದು ಬಾಗಿಲು ತೆರೆಯಿತು.

ಡಾಕ್ಟರಮ್ಮ ಅವಳ ಗದ್ದವನ್ನು ಬೆಳಕಿಗೆ ಎತ್ತಿ ಹಿಡಿದರು. “ಕೂದಲಾ ಎಲ್ಲಿ ಅದಾವವಾ? ಬರೇ ಗಾಯ ಐತಿ.”

“ಈಗಿನ ತನಕ ಇದ್ದೂವ್ರಿ ಮೇಡಂ, ಬಾಗಲಾ ಒಳಗ ಬಿಡಲಿಲ್ಲರಿ...”

“ಎಲ್ಲಾರೂ ಹಂಗ ಅಂತಾರ. ಕಣ್ಣಿಗೆ ಕಾಣದ್ದಕ್ಕ ಔಷಧ ಹೆಂಗ ಬರೀಲಿ? ಮುಂದಿನ ಸಲ ಬೋಳಿಸಲಾರದ ಬಾ.”

ಮಹಾನಂದಾ ಸೆರಗಿನಿಂದ ಗದ್ದ ಒತ್ತಿಕೊಂಡು ಹೊರಗೆ ಬಂದಳು. ಬೆಂಚಿನ ಮೇಲೆ ಸರದಿಗೆ ಕಾದು ಕುಳಿತ ಹೆಂಗಸರು ಆಸೆಯಿಂದ ತಲೆಯೆತ್ತಿ ಅವಳನ್ನು ನೋಡಿದರು. ಒಬ್ಬೊಬ್ಬರ ಗದ್ದದ ಮೇಲೂ ಬ್ಲೇಡಿನ ಹಸಿಗಾಯವಿತ್ತು.