ಹನ್ನೊಂದು ನಿಮಿಷ

ಏಳನೇ ಹಾಸಿಗೆಯ ಕಾಲಬಳಿ ತೂಗುಹಾಕಿದ್ದ ಫಲಕ ತರಬೇತಿಯ ನರ್ಸ್ ಕಣ್ಣಿಗೆ ಬಿದ್ದದ್ದು ಇನ್ಸುಲಿನ್ ಚುಚ್ಚಿ, ಸೂಜಿಯನ್ನು ಡಬ್ಬಿಗೆ ಹಾಕಿ, ಟ್ರೇ ಎತ್ತಿಕೊಂಡು ಹೊರಟ ಮೇಲೆ. ‘ಸ್ಕ್ಯಾನ್ ಇದೆ. ಹತ್ತು ಗಂಟೆಯವರೆಗೆ ತಿನ್ನಲು ಏನೂ ಕೊಡಬಾರದು.’ ಅವಳು ಚುಚ್ಚಿದ್ದು ತಿಂಡಿಗೆ ಮುಂಚೆ ಕೊಡುವ, ಬೇಗ ಕೆಲಸ ಮಾಡುವ ಇನ್ಸುಲಿನ್. ತಿಂಡಿಯೇ ಬರದಿದ್ದರೆ ರಕ್ತದ ಸಕ್ಕರೆ ಇಳಿಯುತ್ತಲೇ ಹೋಗುತ್ತದೆ. ಬೆವರು ಬರುತ್ತದೆ, ಮಾತು ತೊದಲುತ್ತದೆ, ಆಮೇಲೆ ಪ್ರಜ್ಞೆ ತಪ್ಪುತ್ತದೆ. ಪರೀಕ್ಷೆಯಲ್ಲಿ ಈ ಪ್ರಶ್ನೆಗೆ ಅವಳಿಗೆ ಪೂರ್ತಿ ಅಂಕ ಬಂದಿತ್ತು.

“ಚುಚ್ಚಿದ್ದೇ ಗೊತ್ತಾಗ್ಲಿಲ್ಲ ಮಗಳೇ,” ಎಂದರು ಹಾಸಿಗೆಯಲ್ಲಿದ್ದ ಕ್ಷೌರದಂಗಡಿ ಯಜಮಾನರು. ಕಿಟಕಿಯಾಚೆ ನೋಡುತ್ತಲೇ ತೋಳು ಕೊಟ್ಟಿದ್ದವರು. “ನಮ್ಮಂಗಡೀಗೆ ಬಂದುಬಿಡು. ಇಂಥ ಹಗುರ ಕೈ ಸಿಗಲ್ಲ.”

“ತಿಂಡಿ ತಿಂದ್ರಾ ಅಜ್ಜ?” ಎಂದಳು.

“ಎಲ್ಲಿ ತಿಂಡಿ? ನಿನ್ನೆ ರಾತ್ರಿಯಿಂದ ಬಾಯಿಗೆ ಬೀಗ. ಮತ್ತೆ, ಅಜ್ಜ ಅಂತೆಲ್ಲ ಅನ್ನಬೇಡ. ತಲೆ ನೋಡು, ಒಂದು ಬಿಳಿ ಕೂದಲಿದ್ಯಾ? ಬಣ್ಣ ನಮ್ಮಂಗಡೀದೇ.”

ಅವಳು ನಕ್ಕಂತೆ ಮಾಡಿ, ಹೊದಿಕೆ ಬಟ್ಟೆ ಇಡುವ ಕೋಣೆಗೆ ಹೋಗಿ ಬಾಗಿಲು ಮುಚ್ಚಿಕೊಂಡು ಫೋನ್ ತೆಗೆದಳು. ಜಾಲತಾಣದಲ್ಲಿ ಒಂಬತ್ತು ಲಕ್ಷ ಜನ ಹಿಂಬಾಲಿಸುವ ‘ನಗುಮುಖಿ ನರ್ಸ್’ಳನ್ನು ನೋಡಿಯೇ ಅವಳು ಈ ಕೆಲಸಕ್ಕೆ ಸೇರಿದ್ದು. ಪ್ರವೇಶದ ಸಂದರ್ಶನದಲ್ಲಿ ನಿನಗೆ ಆದರ್ಶ ಯಾರು ಎಂದು ಕೇಳಿದಾಗ ಹೇಳಿದ್ದೂ ಆ ಹೆಸರನ್ನೇ. ‘ಅಕ್ಕಾ, ಇನ್ಸುಲಿನ್ ಕೊಡಬಾರದವರಿಗೆ ಕೊಟ್ಟುಬಿಟ್ಟೆ. ಏನು ಮಾಡಲಿ?’ ಎಂದು ಬರೆದು ಕಳಿಸಿದಳು. ಉತ್ತರ ತಕ್ಷಣ ಬಂತು: ‘ನಿಮ್ಮ ಪ್ರೀತಿಗೆ ಋಣಿ. ನನ್ನ ಹೊಸ ವಿಡಿಯೊ ನೋಡಿದಿರಾ?’ ಜೊತೆಗೆ ಮೂರು ಕೆಂಪು ಹೃದಯ. ಅವಳು ಬೆರಳಲ್ಲಿ ಹಳೆಯ ವಿಡಿಯೊಗಳನ್ನು ತಳ್ಳುತ್ತಾ ಹೋದಳು. ತುರುಬು ಬಿಗಿಯುವುದು ಹೇಗೆ, ಕಾಲುನೋವು ತಡೆಯುವುದು ಹೇಗೆ, ಸಿಡುಕುವ ರೋಗಿಯನ್ನು ನಗಿಸುವುದು ಹೇಗೆ, ಭಯ ಮುಖದಲ್ಲಿ ಕಾಣದಂತೆ ಇರುವುದು ಹೇಗೆ. ನಾನೂರ ಅರುವತ್ತು ವಿಡಿಯೊಗಳಲ್ಲಿ ಆ ಅಕ್ಕ ಒಂದು ಸಲವೂ ತಪ್ಪು ಮಾಡಿರಲಿಲ್ಲ.

ಹೇಳಿದರೆ ತರಬೇತಿ ಇವತ್ತಿಗೇ ಮುಗಿಯಬಹುದು. ಹೇಳದಿದ್ದರೆ ಏನಾಗುತ್ತದೆ ಎನ್ನುವುದು ಪುಸ್ತಕದಲ್ಲೇ ಇತ್ತು. ಅವಳು ಹೊರಗೆ ಓಡಿದಳು.

ವಾರ್ಡಿನ ಹಿರಿಯ ಸಿಸ್ಟರ್ ಪ್ರತಿ ಚೀಟಿಯನ್ನೂ ಎರಡು ಸಲ ಓದುತ್ತಿದ್ದರು. ‘ಎರಡ್ಸಲ ಸಿಸ್ಟರ್’ ಮನೆಗೆ ಹೋದ ಮೇಲೂ ಗಂಡನ ಹೆಸರು ಎರಡು ಸಲ ಕೇಳಿಯೇ ಬಾಗಿಲು ತೆಗೆಯುತ್ತಾರೆ ಎಂದು ಹುಡುಗಿಯರು ಆಡಿಕೊಳ್ಳುತ್ತಿದ್ದರು. ಅವರು ಅವಳ ಮಾತು ಕೇಳುತ್ತಲೇ ಸಕ್ಕರೆ ನೋಡುವ ಯಂತ್ರ ಕೈಗೆತ್ತಿಕೊಂಡು ನಡೆಯತೊಡಗಿದರು.

“ಕೊಟ್ಟಿದ್ದು ಎಷ್ಟು ಗಂಟೆಗೆ?”

“ಏಳೂವರೆಗೆ.”

“ತಪ್ಪು ಅಂತ ಗೊತ್ತಾಗಿದ್ದು?”

ಅವಳು ‘ಈಗಷ್ಟೇ’ ಎನ್ನಬಹುದಿತ್ತು. “ಹನ್ನೊಂದು ನಿಮಿಷ ಆಯ್ತು. ಬಟ್ಟೆ ಕೋಣೇಲಿ ಫೋನ್ ನೋಡ್ತಿದ್ದೆ.”

ಸಿಸ್ಟರ್ ಅವಳ ಮುಖ ನೋಡಿದರು. ಹೆಜ್ಜೆ ಬಿರುಸು ಮಾಡಿದರು.

ಯಂತ್ರ ಅರುವತ್ತೊಂದು ತೋರಿಸಿತು; ಎಪ್ಪತ್ತರ ಕೆಳಗೆ ಇಳಿಯಬಾರದು. ಯಜಮಾನರ ಹಣೆಯಲ್ಲಿ ಬೆವರಿತ್ತು, ಮಾತು ನಿಂತಿತ್ತು. ವೈದ್ಯರಿಗೆ ಕರೆ ಹೋಯಿತು, ರಕ್ತನಾಳಕ್ಕೆ ಗ್ಲೂಕೋಸ್ ಹೋಯಿತು. ಸ್ವಲ್ಪ ಹೊತ್ತಿಗೆ ಅವರು ಕಣ್ಣು ತೆರೆದು, “ಏನಾಯ್ತು?” ಎಂದರು.

ಸಿಸ್ಟರ್ ಸ್ಟೂಲ್ ಎಳೆದುಕೊಂಡು ಕೂತರು. ಹುಡುಗಿ ಅವರ ಕಿವಿಯ ಬಳಿ ಬಗ್ಗಿದಳು. “ಸರಿಹೋಯ್ತಲ್ಲ ಸಿಸ್ಟರ್. ಇವರಿಗೂ ಹೇಳ್ಬೇಕಾ?”

“ಮೈ ಅವರದು,” ಎಂದರು ಸಿಸ್ಟರ್. ಆಮೇಲೆ ಯಜಮಾನರ ಕಡೆ ತಿರುಗಿದರು. “ನಿಮಗೆ ಇವತ್ತು ಆ ಇಂಜೆಕ್ಷನ್ ಕೊಡಬಾರದಿತ್ತು. ಇವಳು ಕೊಟ್ಟಳು. ಕೊಡೋ ಮುಂಚೆ ನೋಡಿ ಸಹಿ ಹಾಕಬೇಕಾದವಳು ನಾನು. ಔಷಧಿ ನೋಡಿದೆ, ಅಳತೆ ನೋಡಿದೆ, ನಿಮ್ಮ ಫಲಕ ನೋಡಲಿಲ್ಲ. ಇಬ್ಬರದೂ ತಪ್ಪು.”

“ಅಂದ್ರೆ... ನಾನು ಹೋಗಿಬಿಡ್ತಿದ್ನಾ?”

“ಇನ್ನೂ ತಡ ಆಗಿದ್ರೆ ಜೀವಕ್ಕೆ ಕಷ್ಟ ಆಗ್ತಿತ್ತು. ಇವಳು ಬಂದು ಹೇಳಿದಳು.”

ಯಜಮಾನರು ಸೂರು ನೋಡುತ್ತಾ ಮಲಗಿದರು. ಎಂಟನೇ ಹಾಸಿಗೆಯ ಗುಮಾಸ್ತ ಓದುತ್ತಿದ್ದ ಪತ್ರಿಕೆ ಇಳಿಸಿ, ತನ್ನೆರಡೂ ಕೈಗಳನ್ನು ಮೆಲ್ಲನೆ ಹೊದಿಕೆಯೊಳಗೆ ಸೇರಿಸಿಕೊಂಡ.

ಮೇಜಿನ ಬಳಿ ಸಿಸ್ಟರ್ ತಪ್ಪಿನ ವರದಿ ಬರೆಯತೊಡಗಿದರು. ಮೊದಲು ಬರೆದದ್ದು ತಮ್ಮ ಹೆಸರು, ಅದರ ಕೆಳಗೆ ಅವಳದು, ಅದರ ಕೆಳಗೆ ಹನ್ನೊಂದು ನಿಮಿಷ.

“ಇದೇ ಮೊದಲ ಸಲಾನಾ ಸಿಸ್ಟರ್, ನೀವು ಹೀಗೆ...”

“ಮೂರನೇದು. ಮೊದಲನೇ ಸಲ ಬರೆದಾಗ ನನಗೂ ನಿನ್ನದೇ ವಯಸ್ಸು. ಎರಡು ತಿಂಗಳು ಆ ವಾರ್ಡಲ್ಲಿ ಯಾರೂ ನನಗೆ ತೋಳು ಕೊಡಲಿಲ್ಲ.”

“ಆಮೇಲೆ?”

“ದಿನಾ ಹೋಗಿ ಕೇಳ್ತಿದ್ದೆ.” ಸಿಸ್ಟರ್ ಗಡಿಯಾರ ನೋಡಿದರು. “ಗ್ಲೂಕೋಸ್ ಕೊಟ್ಟು ಹದಿನೈದು ನಿಮಿಷ ಆಯ್ತು. ಅವರ ಸಕ್ಕರೆ ಇನ್ನೊಂದ್ಸಲ ನೋಡ್ಬೇಕು.”

“ನೀವೇ ಹೋಗಿ ಸಿಸ್ಟರ್. ನನ್ನ ಕೈಲಾಗಲ್ಲ.”

“ನಾನು ಪಕ್ಕದಲ್ಲಿರ್ತೀನಿ. ನಡಿ.”

ಅವಳು ಏಳನೇ ಹಾಸಿಗೆಯ ಬಳಿ ನಿಂತಳು. ಸಕ್ಕರೆ ನೋಡಬೇಕು, ಬೆರಳು ಕೊಡಿ ಎಂದು ಕೇಳಿದಳು. ಯಜಮಾನರು ಅವಳನ್ನು ನೋಡಿದರು, ಸಿಸ್ಟರನ್ನು ನೋಡಿದರು, ಮತ್ತೆ ಅವಳನ್ನು ನೋಡಿದರು. ಕೊನೆಗೆ ಬೆರಳು ಚಾಚಿದರು. ಈ ಸಲ ಕಿಟಕಿಯತ್ತ ತಿರುಗಲಿಲ್ಲ. ಅವಳ ಕೈಯಿಂದ ಕಣ್ಣು ಕೀಳದೆ, ಸೂಜಿ ಇಳಿಯುವುದನ್ನೇ ನೋಡುತ್ತಿದ್ದರು.