ಬಾಟಲಿಯ ಒಂದು ಗೆರೆ

ಹಾಲಮ್ಮ ಔಷಧಿ ಕುಡಿಯುತ್ತಿಲ್ಲ. ಷಣ್ಮುಖಪ್ಪನಿಗೆ ಇದು ಖಾತ್ರಿಯಾದದ್ದು ರಜೆಯ ಒಂಬತ್ತನೆಯ ದಿನ ಬೆಳಿಗ್ಗೆ, ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದಾಗ.

ಬಾಟಲಿಗೆ ಉದ್ದಕ್ಕೂ ಕಾಗದದ ಪಟ್ಟಿ ಅಂಟಿಸಿತ್ತು. ಒಂದು ಹೊತ್ತಿಗೆ ಒಂದು ಗೆರೆ. "ಕಹಿ ಕಣ್ರೀ. ನೀವೂ ಒಂದು ಗುಟುಕು ಕುಡಿದ್ರೆ ನಾನೂ ಕುಡೀತೀನಿ. ಗಟ್ಟಿ ಇರೋರಿಗೂ ಒಳ್ಳೇದಂತೆ" ಎಂದು ಹೆಂಡತಿ ಮೊದಲ ದಿನವೇ ಹಟ ಹಿಡಿದಿದ್ದಳು. ಸರಿ ಅಂತ ಅವನು ಮೊದಲು ಕುಡಿಯುತ್ತಿದ್ದ. ಅವಳು ಬಾಟಲಿ ಹಿಡಿದು ಅಡುಗೆಮನೆಗೆ ಹೋಗುತ್ತಿದ್ದಳು. ಇಬ್ಬರು ಕುಡಿದರೆ ಎರಡು ಗೆರೆ ಇಳಿಯಬೇಕು. ಇಳಿಯುತ್ತಿದ್ದದ್ದು ಒಂದೇ.

ಸಾಯೋದಕ್ಕೆ ಇಷ್ಟು ಅವಸರವೇ ಇವಳಿಗೆ? ಅವನಿಗೆ ಸಿಟ್ಟು ಬಂತು, ಅದರ ಹಿಂದೆಯೇ ಅಳು ಬಂತು.

ಎರಡು ವಾರದ ಹಿಂದೆ ಇಬ್ಬರೂ ದೊಡ್ಡ ಡಾಕ್ಟರ ಹತ್ತಿರ ಹೋಗಿದ್ದರು. ಅವನನ್ನು ನೋಡಿ ಹೊರಗೆ ಕೂರಿಸಿದ ಮೇಲೆ ಅವಳು ಒಳಗೆ ಹೋದಳು. ಎಷ್ಟೋ ಹೊತ್ತಾದ ಮೇಲೆ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ಬಂದಳು. "ನಿಮ್ಮದು ಬರೀ ವಾಯು. ನಂದೇ ಜೋರಾಗಿದೆ. ಹೃದಯ ಸೋತಿದೆಯಂತೆ. ದೀಪಾವಳಿ ಕಂಡ್ರೆ ಹೆಚ್ಚು ಅಂದ್ರು." ತಾನೇ ಡಾಕ್ಟರನ್ನು ಕೇಳುತ್ತೇನೆಂದು ಅವನು ಎದ್ದರೆ, ಆಣೆ ಇಟ್ಟು ಕೂರಿಸಿದಳು.

ಭದ್ರಾವತಿಯ ಕಾರ್ಖಾನೆಯಲ್ಲಿ ಹದಿನಾರು ವರ್ಷ ದುಡಿದ ಷಣ್ಮುಖಪ್ಪ ಜ್ವರ ಬಂದರೂ ಕುಲುಮೆ ಬಿಟ್ಟವನಲ್ಲ. ರಜೆ ಅಂದರೆ ಸಾಕು, ಉರಿದು ಬೀಳುತ್ತಿದ್ದ. ಅಂಥವನು ಹಾಲಮ್ಮನಿಗಾಗಿ ಮಾರನೆಯ ದಿನವೇ ಹತ್ತು ದಿನದ ರಜೆ ಬರೆದುಕೊಟ್ಟ. ಶಿವಮೊಗ್ಗಕ್ಕೆ ಎಕ್ಸಿಬಿಷನ್ ಬಂದಿತ್ತು. ತಿರುಗುವ ತೊಟ್ಟಿಲು, ಮರದ ಕುದುರೆ, ಸಾಲು ಸಾಲು ಬಣ್ಣದ ದೀಪ. ಮದುವೆಯಾದ ವರ್ಷ ತೋರಿಸುತ್ತೇನೆಂದು ಹೇಳಿ ಮರೆತೇ ಬಿಟ್ಟಿದ್ದ ಮಾತು ಅದು. ದುರ್ಗಿಗುಡಿಯಲ್ಲಿ ಅವನ ಅಕ್ಕ ಶಂಕರಮ್ಮನ ಮನೆಯಲ್ಲಿ ಇಳಿದುಕೊಂಡರು. ಹಾಲಮ್ಮನಿಗೆ ಉಪ್ಪು ಕೂಡದೆಂದಿದ್ದರು. ಅವಳೊಬ್ಬಳೇ ಸಪ್ಪೆ ಉಣ್ಣಬಾರದೆಂದು ಅವನೂ ಉಪ್ಪು ಬಿಟ್ಟ.

ಒಂಬತ್ತನೆಯ ದಿನ ಸಂಜೆ ತೊಟ್ಟಿಲಿನ ಮುಂದೆ ನಿಂತಾಗ ಅವನು ಅವಳ ಕೈ ಹಿಡಿದ.

"ಬಾ, ಇವತ್ತಾದ್ರೂ ಹತ್ತೋಣ."

"ಬೇಡ ಕಣ್ರೀ, ಎದೆ ತಡೆಯಲ್ಲ." ಅವಳು ಅವನ ತೋಳು ಹಿಡಿದು ಹಿಂದಕ್ಕೆ ಎಳೆದಳು.

ನಾಲ್ಕು ಹೆಜ್ಜೆಗೊಮ್ಮೆ ಅವಳಿಗೆ ಸುಸ್ತು. "ಕೂತ್ಕೊಳೋಣ" ಅನ್ನುತ್ತಿದ್ದಳು. ಅವನೂ ಏದುಸಿರು ಬಿಡುತ್ತ ಪಕ್ಕದಲ್ಲಿ ಕೂರುತ್ತಿದ್ದ. ಎಷ್ಟು ದಿನವಾಯಿತು ನಿದ್ದೆ ಮಾಡಿ! ಹೆಂಡತಿ ಕೈತಪ್ಪುತ್ತಿರುವಾಗ ಯಾವ ಗಂಡಸಿಗೆ ನಿದ್ದೆ ಹತ್ತುತ್ತದೆ? ಅವತ್ತು ಅವನ ಅಂಗಿ ಬೆವರಿನಲ್ಲಿ ತೊಯ್ದದ್ದು ಕಂಡು ಹಾಲಮ್ಮ ಅಷ್ಟುದ್ದದ ಮೈದಾನ ಓಡಿ ಸೋಡಾ ತಂದಳು.

"ಓಡ್ತೀಯಲ್ಲೇ ಮಾರಾಯ್ತಿ! ಬುದ್ಧಿ ಇದೆಯಾ ನಿಂಗೆ?"

"ಬೈಯೋದು ಆಮೇಲೆ. ಮೊದ್ಲು ಕುಡೀರಿ."

ಪರದೆಗೆ ವಿಮಾನದ ಚಿತ್ರ ಬರೆದು ನಿಲ್ಲಿಸಿದ್ದ ಫೋಟೋದವನ ಹತ್ತಿರ ಇನ್ನೊಂದು ಜಗಳ. "ನೀನೊಬ್ಬಳೇ ನಿಂತ್ಕೋ" ಎಂದ ಅವನು. ಮುಂದೆ ಗೋಡೆಗೆ ಹಾಕಲು ಅವಳದೊಂದು ಪಟ ಬೇಕಿತ್ತು. ಅದನ್ನು ಬಾಯಿಬಿಟ್ಟು ಹೇಳುವುದು ಹೇಗೆ? "ಊಹೂಂ, ನೀವೊಬ್ರೇ ನಿಂತ್ಕೊಳ್ಳಿ" ಎಂದಳು ಅವಳು. ಯಾಕೆಂದು ಅವಳೂ ಹೇಳಲಿಲ್ಲ. ಕೊನೆಗೆ ಫೋಟೋದವನು ರೇಗಿ ಇಬ್ಬರನ್ನೂ ಒಟ್ಟಿಗೆ ನಿಲ್ಲಿಸಿ ತೆಗೆದ.

ಮನೆಗೆ ಬಂದಾಗ ಶಂಕರಮ್ಮ ತಮ್ಮನ ಕೆಂಪಾದ ಕಣ್ಣು ನೋಡಿ ಸಮಾಧಾನ ಹೇಳಿದಳು. "ಅಳಬೇಡ ಕಣೋ. ಮುತ್ತೈದೆಯಾಗಿ ಹೋಗ್ತಾಳೆ, ಪುಣ್ಯವಂತೆ."

"ಆ ಪುಣ್ಯ ನಂಗೆ ಎಲ್ಲಿ ಬರಬೇಕು ಅತ್ತಿಗೆ" ಎಂದುಬಿಟ್ಟಳು ಹಾಲಮ್ಮ. ಅಂದವಳೇ ತುಟಿ ಕಚ್ಚಿಕೊಂಡು ಒಳಗೆ ಹೋದಳು.

ಅಂದರೆ ಇವಳಿಗೆ ಇನ್ನೂ ಬದುಕುವ ಆಸೆ ಇದೆ! ಷಣ್ಮುಖಪ್ಪನ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಆಸೆ ಇದೆ, ಕಹಿಯೊಂದೇ ಅಡ್ಡಿ. ಹಾಗಾದರೆ ಕಹಿಗೊಂದು ದಾರಿ ಹುಡುಕಿದರಾಯಿತು.

ಹತ್ತನೆಯ ದಿನ ಮಧ್ಯಾಹ್ನಕ್ಕೆ ಭದ್ರಾವತಿಯ ಬಸ್ಸು. ಬೆಳಿಗ್ಗೆ ಹಾಲಮ್ಮ ಬಳೆ ಅಂಗಡಿಯ ಮುಂದೆ ಕೂತು ಎರಡೂ ಕೈ ಚಾಚಿದಳು. "ಹಸಿರು ಗಾಜಿನವು. ಮೊಣಕೈವರೆಗೂ ಹಾಕಪ್ಪ."

"ಅಷ್ಟೊಂದಾ?" ಎಂದ ಷಣ್ಮುಖಪ್ಪ.

"ತೊಟ್ಕೊಳೋ ಕಾಲದಲ್ಲಿ ತೊಟ್ಕೊಂಡುಬಿಡಬೇಕು ಕಣ್ರೀ" ಎಂದು ಅವಳು ನಕ್ಕಳು. ಅವನಿಗೆ ಅಲ್ಲಿ ನಿಲ್ಲಲಾಗಲಿಲ್ಲ.

ಅವಳ ಚೀಲದ ತಳದಲ್ಲಿ ಸೀರೆಯ ಮಡಿಕೆಯೊಳಗಿದ್ದ ಡಾಕ್ಟರ ಚೀಟಿಯನ್ನು ಬೆಳಿಗ್ಗೆಯೇ ತೆಗೆದು ಜೇಬಿಗೆ ಹಾಕಿಕೊಂಡಿದ್ದ. ಚೀಟಿ ಇಂಗ್ಲಿಷಿನಲ್ಲಿತ್ತು. ಅವನಿಗೆ ಓದಲು ಬರುತ್ತಿದ್ದದ್ದು ಕನ್ನಡ ಮಾತ್ರ. ಬಾಟಲಿಯನ್ನೂ ಹಿಡಿದು ರಸ್ತೆ ದಾಟಿ ಎದುರಿನ ಔಷಧಿ ಅಂಗಡಿಗೆ ಹೋದ. ಕಾಂಪೌಂಡರ್ ಗಣಪಯ್ಯ ಕನ್ನಡಕ ಏರಿಸಿಕೊಂಡ.

"ಇದಕ್ಕೆ ಸ್ವಲ್ಪ ಸಿಹಿ ಬೆರೆಸಿಕೊಡಿ ಸ್ವಾಮಿ. ನಮ್ಮನೆಯೋಳು ಹಾಲಮ್ಮ, ಕಹಿ ಅಂತ ಬಾಯಿಗೇ ಹಾಕ್ತಿಲ್ಲ. ಅವಳು ಉಳೀಬೇಕು."

ಗಣಪಯ್ಯ ಚೀಟಿಯನ್ನು ಎರಡು ಸಲ ಓದಿದ. "ಸದ್ಯ, ಕುಡೀಲಿಲ್ಲವಲ್ಲ ಆಯಮ್ಮ! ಬೇರೆಯವರ ಔಷಧಿ ಕುಡಿಸ್ತಾರೇನ್ರೀ? ಹಾಲಮ್ಮ ಅಂತ ಎಲ್ಲಿದೆ ಇದ್ರಲ್ಲಿ? ಷಣ್ಮುಖಪ್ಪ, ಗಂಡಸು, ನಲವತ್ತೊಂದು ವರ್ಷ, ಹೃದಯ ತೀರಾ ಸೋತಿದೆ ಅಂತ ಬರ್ದಿದ್ದಾರೆ. ಪಾಪ, ಯಾರಿವರು? ನಿಮ್ಮ ಕಡೆಯೋರಾ?"

ರಸ್ತೆಯಾಚೆ ಹಾಲಮ್ಮ ಮೊಣಕೈವರೆಗೂ ಹಸಿರು ಬಳೆ ತೊಟ್ಟು, ಎರಡೂ ಕೈ ಎತ್ತಿ ಗಂಡನಿಗೆ ತೋರಿಸುತ್ತಿದ್ದಳು.