ಯಾರ ಹಂಗೂ ಇಲ್ಲದ ಒಂದು ಪ್ರೋಗ್ರಾಂ

ಗದಗಿನ ಒಂದು ಆಸ್ಪತ್ರೆ. ಅಲ್ಲಿನ ಬ್ಲಡ್ ಬ್ಯಾಂಕಿನ ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುವವಳು ನಾಗವೇಣಿ.

ಒಂದು ಮಧ್ಯಾಹ್ನ ಸರ್ವರ್ ರೂಮಿನಲ್ಲಿ ಕುಳಿತು, ಹೊಸದನ್ನು ಹಾಕೋಣವೆಂದು ಹಳೆಯ ಲೈಬ್ರರಿ ಫೈಲೊಂದರ ಹೆಸರು ಬದಲಿಸಿದಳು...

ಅಷ್ಟೇ!

ಆ ಸರ್ವರಿನ ನೂರಾರು ಪ್ರೋಗ್ರಾಂಗಳು ಆ ಒಂದೇ ಫೈಲನ್ನು ಹಂಚಿಕೊಂಡು ಓಡುತ್ತಿದ್ದವು. ಆ ಕ್ಷಣದಿಂದ ಹೊಸದಾಗಿ ಯಾವ ಪ್ರೋಗ್ರಾಂ ಕೂಡ ಶುರುವಾಗಲಿಲ್ಲ.

ಮತ್ತೆ ಹಳೆಯ ಹೆಸರನ್ನೇ ಇಡೋಣವೆಂದರೆ... ಹೆಸರು ಬದಲಿಸುವ ಪ್ರೋಗ್ರಾಮಿಗೂ ಅದೇ ಫೈಲ್ ಬೇಕು!

ಉಳಿದಿದ್ದು ಪರದೆಯ ಮೇಲೆ ಮೊದಲೇ ತೆರೆದಿದ್ದ, ಕಮಾಂಡ್ ಟೈಪ್ ಮಾಡುವ ಒಂದೇ ಒಂದು ವಿಂಡೋ. ಅದೂ ಮುಚ್ಚಿಹೋದರೆ ಮತ್ತೆ ಲಾಗಿನ್ ಆಗುವಂತಿಲ್ಲ. ಕುರ್ಚಿ ಬಿಟ್ಟು ಏಳಲೂ ಹೆದರಿಕೆ...

ಅಷ್ಟರಲ್ಲಿ ಬಾಗಿಲು ಬಡಿದ ಸದ್ದು. ಲ್ಯಾಬಿನ ಶಾಂತವ್ವ.

"ಮೇಡಂ, ಹೆರಿಗಿ ವಾರ್ಡಿನ್ಯಾಗ ಒಬ್ಬಾಕಿಗೆ ಭಾಳ ರಕ್ತ ಹೊಂಟೈತ್ರಿ. ಓ ನೆಗೆಟಿವ್ ಬೇಕು. ಟೆಸ್ಟ್ ಆದ ಬಾಟ್ಲಿ ಯಾವುದಂತ ಕಂಪ್ಯೂಟರ್ ತೋರಿಸವಲ್ದು!"

"ಐದು ನಿಮಿಷ ಅಕ್ಕಾ..." ಎಂದಳು. ತಪ್ಪು ಮಾಡಿದೆ ಎನ್ನಲು ನಾಲಿಗೆ ಏಳಲಿಲ್ಲ.

ಐದು ಹತ್ತಾಯಿತು...

ಕೊನೆಗೆ ರಜಾಕ್ ಸರ್‌ಗೆ ಫೋನ್ ಮಾಡಿದಳು. ತನಗಿಂತ ಮೊದಲು ಆ ಕೆಲಸದಲ್ಲಿದ್ದು ನಿವೃತ್ತರಾದವರು. ಒಮ್ಮೆಯೂ ಅವರ ಮುಖ ನೋಡಿದವಳಲ್ಲ.

ಆಕೆ ಹೇಳಿ ಮುಗಿಸುವ ಮೊದಲೇ ಅವರು ಕೇಳಿದರು, "ವಿಂಡೋ ಇನ್ನೂ ತೆರದೈತೇನವಾ?"

"ಐತ್ರಿ ಸರ್..."

"ಹಂಗಾರ ಅಂಜಬ್ಯಾಡ. 'ಆಪತ್ತು' ಅಂತ ಒಂದು ಫೋಲ್ಡರ್ ಐತಿ. ಅದರಾಗಿನ ಪ್ರೋಗ್ರಾಂ ಓಡಸು. ಸ್ಟ್ಯಾಟಿಕ್ ಲಿಂಕ್ ಮಾಡಿಟ್ಟೇನಿ. ಬೇಕಾದ್ದೆಲ್ಲಾ ಅದರ ಹೊಟ್ಯಾಗ ಐತಿ, ಯಾವ ಲೈಬ್ರರಿ ಫೈಲಿನ ಹಂಗೂ ಇಲ್ಲ ಅದಕ್ಕ."

ಅವರು ಒಂದೊಂದೇ ಅಕ್ಷರ ಹೇಳಿದರು. ಆಕೆ ಒಂದೊಂದೇ ಅಕ್ಷರ ಒತ್ತಿದಳು. ಫೈಲಿಗೆ ಹಳೆಯ ಹೆಸರು ಮರಳಿತು...

"ಬಂತ್ರಿ ಮೇಡಂ! ಬಾಟ್ಲಿ ಸಿಕ್ತು!" ಶಾಂತವ್ವ ಹೊರಗಿನಿಂದ ಕೂಗಿ ವಾರ್ಡಿನತ್ತ ಓಡಿದಳು.

"ಸರ್, ಹಿಂಗಾಗತೈತಿ ಅಂತ ನಿಮಗ ಹೆಂಗ ಗೊತ್ತಿತ್ರಿ?"

ರಜಾಕ್ ಸರ್ ದನಿ ತಗ್ಗಿಸಿ ಹೇಳಿದರು...

"ಹನ್ನೊಂದು ವರ್ಷದ ಹಿಂದ ನಾನೂ ಇದ ತಪ್ಪು ಮಾಡಿದ್ದೆ. ಮರ್ಯಾದಿಗೆ ಅಂಜಿ ಬಾಗಲಾ ಹಾಕ್ಕೊಂಡು ಕುಂತೆ. ಯಾರಿಗೂ ಫೋನ್ ಮಾಡಲಿಲ್ಲ. ಅವತ್ತ ರಕ್ತ ಸಿಗೂದು ತಡಾ ಆಗಿ ಒಬ್ಬಾಕಿ ಬಾಣಂತಿ ಉಳೀಲಿಲ್ಲ ನೋಡವಾ... ಆ ವಾರನ ಆ ಫೋಲ್ಡರ್ ಮಾಡಿಟ್ಟೆ. ನೀ ಫೋನ್ ಮಾಡಿದಿ. ನನಗಿಂತ ಶ್ಯಾಣ್ಯಾಕಿ ಅದಿ."

ನಾಗವೇಣಿಗೆ ಅಳು ತಡೆಯಲಾಗಲಿಲ್ಲ.

ಸಂಜೆ ಹೆರಿಗೆ ವಾರ್ಡಿಗೆ ಹೋದಳು. ತಾಯಿ, ಮಗು ಇಬ್ಬರೂ ಕ್ಷೇಮ. ಡಾಕ್ಟರ್, ಶಾಂತವ್ವ ಎಲ್ಲರ ಎದುರು ತಲೆ ಎತ್ತಿ ಹೇಳಿದಳು...

"ಮಧ್ಯಾಹ್ನ ಆಗಿದ್ದು ಕಂಪ್ಯೂಟರ್ ತಪ್ಪಲ್ರಿ. ನಂದು."

ಹಂಚಿಕೊಂಡು ಬಾಳುವುದು ಒಳ್ಳೆಯದೇ... ಆದರೆ ಎಲ್ಲರೂ ಒಟ್ಟಿಗೆ ಬಿದ್ದ ದಿನ ಎತ್ತುವುದಕ್ಕೆ, ಒಬ್ಬನಾದರೂ ತನ್ನ ಕಾಲ ಮೇಲೆ ನಿಂತಿರಬೇಕು.

ನೀವು ಎಡವಿದ ಜಾಗದಲ್ಲಿ, ಹಿಂದೆ ಬರುವವರಿಗಾಗಿ ಏನನ್ನು ಇಟ್ಟು ಬಂದಿದ್ದೀರಿ?